ಮಗಳ ಲಸಿಕೆ ಫಾರ್ಮ್ ಬಂದಿದೆ ಎಂದು ಕೇಳಿದವರಿಗೆ

ನಮಸ್ಕಾರ ಕಣ್ರೀ. ಬೆಂಗಳೂರಿನಿಂದ ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ನಾಲ್ಕು ತಿಂಗಳಾಯಿತು, ಮಗಳು ಇಯರ್ 8, ಮಗ ಇಯರ್ 2 ಎಂದು ಬರೆದಿದ್ದೀರಿ. ಶಾಲೆಯಿಂದ ಎಚ್‌ಪಿವಿ ಲಸಿಕೆಗೆ (ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್ ವಿರುದ್ಧದ್ದು) ಒಪ್ಪಿಗೆ ಕೇಳಿ ಲಿಂಕ್ ಬಂದಿದೆ. "12 ವರ್ಷದ ಹುಡುಗಿಗೆ ಇದೆಲ್ಲ ಈಗಲೇ ಯಾಕೆ? ನಾವು ಬೇಡ ಅಂದರೂ ಅವಳನ್ನೇ ಕೇಳಿ ಚುಚ್ಚಿಬಿಡುತ್ತಾರಂತೆ, ನಿಜವಾ?" ಇದು ನಿಮ್ಮ ಪ್ರಶ್ನೆ. ನಾನು ಹಾಸನದವಳು. ಇಂಗ್ಲೆಂಡಿಗೆ ಬಂದು 17 ವರ್ಷ. ಮೊದಲು ಸ್ಕೂಲ್ ನರ್ಸ್ ಆಗಿದ್ದೆ, ಈಗ ಶಾಲೆಯಿಂದ ಶಾಲೆಗೆ ಹೋಗಿ ಲಸಿಕೆ ಹಾಕುವ ತಂಡದಲ್ಲಿದ್ದೇನೆ.

ನಿಮ್ಮ ನಿದ್ದೆ ಕೆಡಿಸಿರುವುದು ಎರಡನೇ ಪ್ರಶ್ನೆ ಅಂತ ಕಾಣುತ್ತದೆ, ಅದನ್ನೇ ಮೊದಲು ಹೇಳುತ್ತೇನೆ. ಕಾನೂನಿನ ಮಟ್ಟಿಗೆ ಅರ್ಧ ನಿಜ. ಇಲ್ಲಿ ವಿಕ್ಟೋರಿಯಾ ಗಿಲಿಕ್ ಎಂಬ 10 ಮಕ್ಕಳ ತಾಯಿ ಕೋರ್ಟಿಗೆ ಹೋಗಿದ್ದರು. 16 ತುಂಬದ ನನ್ನ ಹೆಣ್ಣುಮಕ್ಕಳಿಗೆ ನನ್ನನ್ನು ಕೇಳದೆ ಡಾಕ್ಟರು ಗರ್ಭನಿರೋಧಕದ ಸಲಹೆ ಕೊಡಬಾರದು ಎಂಬುದು ಅವರ ವಾದ. 1985ರಲ್ಲಿ, ಆಗ ಇಲ್ಲಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಅವರು ಸೋತರು. ವಿಷಯ ಪೂರ್ತಿ ಅರ್ಥ ಮಾಡಿಕೊಳ್ಳುವಷ್ಟು ಬುದ್ಧಿ ಬಲಿತ ಮಗು ತನ್ನ ಚಿಕಿತ್ಸೆಗೆ ತಾನೇ ಒಪ್ಪಬಹುದು ಎಂದು ತೀರ್ಪಾಯಿತು. ತಮಾಷೆ ನೋಡಿ, ಸೋತವರ ಹೆಸರೇ ನಿಯಮಕ್ಕೆ ಉಳಿಯಿತು. ನಾವು ಇವತ್ತಿಗೂ 'ಗಿಲಿಕ್' ಅಂತಲೇ ಅನ್ನುತ್ತೇವೆ.

ಆದರೆ ಶಾಲೆಯಲ್ಲಿ ನಡೆಯುವುದು ನೀವು ಹೆದರಿದ ಹಾಗಲ್ಲ. ವ್ಯಾಯಾಮದ ಹಾಲ್‌ನಲ್ಲಿ ನಾಲ್ಕು ಮೇಜು, ಹಳದಿ ಸೂಜಿ ಡಬ್ಬ, ಲಸಿಕೆಯ ಕೂಲ್ ಬಾಕ್ಸ್. ಕೆಳಗೆ ನೀಲಿ ಮ್ಯಾಟು ಹಾಸಿರುತ್ತೇವೆ, ತಲೆ ಸುತ್ತಿದವರು ಮಲಗಲಿ ಅಂತ. ಒಬ್ಬಳು ಬಂದು "ಅಮ್ಮ ಫಾರ್ಮ್ ತುಂಬಲು ಮರೆತಿದ್ದಾರೆ, ನನಗೆ ಬೇಕು" ಅನ್ನುತ್ತಾಳೆ. ನಮ್ಮ ತಂಡದಲ್ಲಿ ಮೊದಲು ಅಮ್ಮನಿಗೆ ಫೋನ್. ಸಿಗಲಿಲ್ಲ ಅಂದರೆ ಅವಳನ್ನೇ ಪಕ್ಕಕ್ಕೆ ಕೂರಿಸಿ ಕೇಳುತ್ತೇವೆ. ಇದು ಯಾವುದಕ್ಕೆ? ಹಾಕಿಸಿದರೆ ಏನಾಗಬಹುದು, ಬಿಟ್ಟರೆ ಏನಾಗಬಹುದು? ಯಾರಾದರೂ ಬಲವಂತ ಮಾಡಿದರಾ? "ಫ್ರೆಂಡ್ಸ್ ಎಲ್ಲ ಹಾಕಿಸಿಕೊಂಡರು" ಅಂದಳೋ, ಆ ದಿನ ಲಸಿಕೆ ಇಲ್ಲ. ಸರಿಯಾಗಿ ಉತ್ತರ ಕೊಟ್ಟರೆ ಅವಳ ಮಾತು ನಡೆಯುತ್ತದೆ, ನಿಜ. ಅಪ್ಪ ಅಮ್ಮ ಬೇಡ ಅಂದಿದ್ದರೂ ಕಾನೂನು ಅವಳ ಕಡೆಗೇ. ಆದರೆ ಅಂಥ ಮಕ್ಕಳು ಬೆರಳೆಣಿಕೆಯಷ್ಟು. ತೋಳು ಹಿಡಿದು ಚುಚ್ಚುವವರು ಯಾರೂ ಇಲ್ಲ. ಬೇಡ ಅಂದ ಮಗುವನ್ನು ವಾಪಸ್ ಕ್ಲಾಸಿಗೆ ಕಳಿಸುತ್ತೇವೆ.

ಇನ್ನು 12ಕ್ಕೇ ಯಾಕೆ ಅಂದರೆ, ಈ ವೈರಸ್ ಲೈಂಗಿಕ ಸಂಪರ್ಕದಿಂದ ಹರಡುತ್ತದೆ, ಮತ್ತು ಲಸಿಕೆ ಕೆಲಸ ಮಾಡುವುದು ವೈರಸ್ ಬರುವ ಮುಂಚೆ. ಮಳೆಗಾಲಕ್ಕೆ ಮೊದಲೇ ಒಡೆದ ಹೆಂಚು ಬದಲಾಯಿಸುತ್ತೀವಲ್ಲ, ಹಾಗೆ. ಇಂಗ್ಲೆಂಡಿನಲ್ಲಿ ಹುಡುಗಿಯರಿಗೆ 2008ರಿಂದ, ಹುಡುಗರಿಗೆ 2019ರಿಂದ ಕೊಡುತ್ತಿದ್ದಾರೆ. ಹುಡುಗರಿಗೂ ಹಾಕುತ್ತಾರೆ ಅಂದಾಗ ನಮ್ಮ ಜನರ ಮುಖ ಅರ್ಧ ಸಡಿಲಾಗುವುದನ್ನು ನೋಡಿದ್ದೇನೆ. 2023ರ ಸೆಪ್ಟೆಂಬರಿನಿಂದ ಒಂದೇ ಡೋಸ್. 12-13ರ ವಯಸ್ಸಿಗೆ ಲಸಿಕೆ ಸಿಕ್ಕ ಹುಡುಗಿಯರಲ್ಲಿ ಗರ್ಭಕಂಠದ ಕ್ಯಾನ್ಸರ್ ಶೇಕಡಾ 87ರಷ್ಟು ಕಡಿಮೆಯಾಗಿದೆ ಎಂದು 2021ರಲ್ಲಿ ಇಲ್ಲಿನ ಲೆಕ್ಕ ಬಂತು. ಮಗಳನ್ನು 'ಕೆಡಿಸುವ' ಲಸಿಕೆ ಅಂತ ಯಾರಾದರೂ ಅಂದರೆ ಸುಮ್ನೆ ಕೇಳಿಸಿಕೊಂಡು ಬಿಡಿ. ನನ್ನ ಮಗಳಿಗೂ ಹಾಕಿಸಿದ್ದೇನೆ.

ಮುಂದಿನ ವರ್ಷ ಅವಳಿಗೆ ಧನುರ್ವಾಯು-ಗಂಟಲಮಾರಿ-ಪೋಲಿಯೋ ಬೂಸ್ಟರ್, ಜೊತೆಗೆ ಮೆನಿಂಜೈಟಿಸ್ ಲಸಿಕೆ ಬರುತ್ತದೆ. ಅಷ್ಟರೊಳಗೆ ಊರಿನ ತಾಯಿ ಕಾರ್ಡ್ ಹುಡುಕಿ ಜಿಪಿಗೆ, ಅಂದರೆ ನಿಮ್ಮ ಫ್ಯಾಮಿಲಿ ಡಾಕ್ಟರಿಗೆ, ಕೊಡಿ. ದಾಖಲೆ ಇಲ್ಲದಿದ್ದರೆ ಇಲ್ಲಿ ಲಸಿಕೆಯೇ ಆಗಿಲ್ಲ ಅಂತ ಲೆಕ್ಕ. ಭಾರತದ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ದಡಾರ, ರುಬೆಲ್ಲಾಗೆ ಇದೆ, ಮಂಗನಬಾವಿಗೆ ಇಲ್ಲ. ಅದಕ್ಕೇ ಈ ಮೂರಕ್ಕೂ ಸೇರಿದ ಎಂಎಂಆರ್ ಲಸಿಕೆ ಹಾಕಿಸಿ ಎನ್ನುತ್ತಾರೆ. ಎಡತೋಳಿನ ಬಿಸಿಜಿ ಗುರುತು ನೋಡಿ ಯಾರಾದರೂ "ಇದೇನು ಗಾಯ?" ಅಂದರೆ ಗಾಬರಿಯಾಗಬೇಡಿ.

ಮಗನ ವಿಷಯದಲ್ಲಿ ನನ್ನ ತಪ್ಪು ನೀವು ಮಾಡಬೇಡಿ. ನೀವು ಸಸ್ಯಾಹಾರಿಗಳಾ, ಗೊತ್ತಿಲ್ಲ. ಶರತ್ಕಾಲದಲ್ಲಿ ಚಿಕ್ಕ ಮಕ್ಕಳಿಗೆ ಫ್ಲೂ ಲಸಿಕೆಯನ್ನು ಮೂಗಿಗೆ ಸ್ಪ್ರೇ ಮಾಡುತ್ತಾರೆ. ಅದರಲ್ಲಿ ಹಂದಿಯಿಂದ ತೆಗೆದ ಜೆಲಟಿನ್ ಇದೆ. 2016ರಲ್ಲಿ ನನ್ನ ಮಗನ ಫಾರ್ಮ್ ಬಂದಾಗ ನರ್ಸ್ ಆಗಿಯೂ ಓದದೆ ಟಿಕ್ ಹಾಕಿಬಿಟ್ಟೆ. ಅತ್ತೆಗೆ ವಿಡಿಯೋ ಕಾಲ್‌ನಲ್ಲಿ ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದು, "ಮಗು ಹುಷಾರಾಗಿದೆ ತಾನೇ?" ಅಂದರು. ಅಷ್ಟೇ. ಜೆಲಟಿನ್ ಇಲ್ಲದ ಇಂಜೆಕ್ಷನ್ ಬೇಕು ಅಂತ ಕೇಳಿದರೆ ಕೊಡುತ್ತಾರೆ. ಎಚ್‌ಪಿವಿಯಲ್ಲಿ ಜೆಲಟಿನ್ ಇಲ್ಲ.

ಒಂದು ವಿಷಯ ಮಾತ್ರ ನಮ್ಮವರಿಗೆ ನುಂಗಲು ಕಷ್ಟ. ಶಾಲೆಯ ನರ್ಸ್ ಹತ್ತಿರ ಮಗಳು ಹೇಳಿಕೊಂಡದ್ದು ನಿಮಗೆ ತಿಳಿಯುವುದಿಲ್ಲ. ಮುಟ್ಟಿನ ನೋವು, ಊಟ ಬಿಡುವುದು, ಅಳು, ಯಾವುದೇ ಇರಲಿ. ಜೀವಕ್ಕೆ ಅಪಾಯ ಇದೆ, ಯಾರೋ ಹಿಂಸೆ ಕೊಡುತ್ತಿದ್ದಾರೆ ಅನ್ನಿಸಿದರೆ ಮಾತ್ರ ನರ್ಸ್ ಮುಂದಕ್ಕೆ ಹೇಳಲೇಬೇಕು. ಒಮ್ಮೆ ಕನ್ನಡ ಕೂಟದ ಯುಗಾದಿ ಊಟದಲ್ಲಿ, ಹೋಳಿಗೆಯ ಸಾಲಿನಲ್ಲಿ, ಒಬ್ಬ ತಾಯಿ ನನ್ನ ಕೈ ಹಿಡಿದು "ನೀವು ನಮ್ಮವರೇ ಅಲ್ವಾ, ನನ್ನ ಮಗಳು ನಿಮ್ಮ ಹತ್ತಿರ ಬಂದಿದ್ದಳಾ, ಏನಂದಳು?" ಎಂದು ಕೇಳಿದರು. ಬಂದಿದ್ದಳೋ ಇಲ್ಲವೋ ಅನ್ನುವುದನ್ನೂ ಹೇಳುವ ಹಾಗಿಲ್ಲ. ಹೇಳಲಿಲ್ಲ. ಒಂದು ವರ್ಷ ಅವರು ನನ್ನ ಜೊತೆ ಮಾತು ಬಿಟ್ಟರು. ನಾನೂ ಅಮ್ಮನೇ, ಅವರ ಸಂಕಟ ನನಗೆ ಗೊತ್ತಾಗುತ್ತಿತ್ತು.

ಇವತ್ತು ರಾತ್ರಿ ಆ ಫಾರ್ಮನ್ನು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಓದಿ. ಅವಳಿಗೇನಾದರೂ ಅಲರ್ಜಿ ಇದ್ದರೆ ಬರೆಯಿರಿ. ಈಗ ಮನಸ್ಸು ಬರದಿದ್ದರೂ ಪರವಾಗಿಲ್ಲ, 25 ತುಂಬುವವರೆಗೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಹಾಕಿಸುವುದಾದರೆ ಆ ದಿನ ಬೆಳಿಗ್ಗೆ ಹೊಟ್ಟೆ ತುಂಬ ತಿಂಡಿ ತಿನ್ನಿಸಿ ಕಳಿಸಿ. ನನ್ನ ನೀಲಿ ಮ್ಯಾಟಿನ ಮೇಲೆ ಮಲಗುವವರಲ್ಲಿ ಬರೀ ಹೊಟ್ಟೆಯಲ್ಲಿ ಬಂದವರೇ ಜಾಸ್ತಿ. ಮತ್ತೆ ಅವಳ ಶರ್ಟಿನ ತೋಳು ಭುಜದವರೆಗೆ ಏರುತ್ತದಾ ಅಂತ ಒಮ್ಮೆ ನೋಡಿಬಿಡಿ.