ಅಕ್ವೇರಿಯಂ ದೀಪವನ್ನು ರಾತ್ರಿ ಆರಿಸಬೇಕೇ, ಉರಿಯಲು ಬಿಡಬೇಕೇ?

ದೀಪ ಆರಿಸಿದರೆ ಮೀನುಗಳು ಕತ್ತಲೆಗೆ ಹೆದರುತ್ತವೆಯೇ, ಕಣ್ಣು ಸದಾ ತೆರೆದೇ ಇರುವ ಅವಕ್ಕೆ ನಿದ್ದೆ ಎಂಬುದು ಇದೆಯೇ, ಮಂದವಾದ ನೀಲಿ ದೀಪವನ್ನಾದರೂ ರಾತ್ರಿಯಿಡೀ ಉರಿಸಬಹುದೇ ಎಂದು ಕೇಳಿದ್ದೀರಿ. ದೀಪವನ್ನು ಪೂರ್ತಿಯಾಗಿ ಆರಿಸಿ. ನೀಲಿ ದೀಪವೂ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ನಾವು ಮನೆಯಲ್ಲಿ ಸಾಕುವ ಮೀನುಗಳಿಗೆ ಮುಚ್ಚಿಕೊಳ್ಳಲು ರೆಪ್ಪೆಗಳಿಲ್ಲ, ಆದರೆ ನಿದ್ದೆ ಇದೆ. ನಿದ್ರಿಸುವ ಮೀನು ತಳದಲ್ಲೋ ಗಿಡದ ಮರೆಯಲ್ಲೋ ಬಹುಮಟ್ಟಿಗೆ ಅಲುಗಾಡದೆ ನಿಲ್ಲುತ್ತದೆ, ಅದರ ಕಿವಿರುಗಳು ನಿಧಾನವಾಗಿ ಆಡುತ್ತವೆ, ಸುತ್ತಲಿನ ಸಣ್ಣ ಚಲನೆಗೆ ಅದು ತಡವಾಗಿ ಸ್ಪಂದಿಸುತ್ತದೆ. ನಿಯಾನ್ ಟೆಟ್ರಾ ಮೀನಿನ ಹೊಳೆಯುವ ಪಟ್ಟಿ ರಾತ್ರಿ ಮಸುಕಾಗುವುದೂ, ಕ್ಲೌನ್ ಲೋಚ್ ಮೀನು ಸತ್ತಂತೆ ಒಂದು ಪಕ್ಕಕ್ಕೆ ಒರಗಿ ಮಲಗುವುದೂ ಸಹಜವೇ ಆಗಿದ್ದು, ಇದನ್ನು ಕಂಡು ಗಾಬರಿಯಾಗಬೇಕಿಲ್ಲ. ಪ್ರಯೋಗಾಲಯಗಳಲ್ಲಿ ಜೀಬ್ರಾ ಮೀನುಗಳ ನಿದ್ದೆಯನ್ನು ವಿವರವಾಗಿ ಅಭ್ಯಾಸ ಮಾಡಲಾಗಿದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೆಳಕನ್ನು ನಿರಂತರವಾಗಿ ಉರಿಸಿಟ್ಟಾಗ ಅವುಗಳ ನಿದ್ದೆ ಬಹುತೇಕ ಇಲ್ಲವಾಗಿತ್ತು.

ಇದಕ್ಕೆ ಕಾರಣ ಕಣ್ಣುಗಳಷ್ಟೇ ಅಲ್ಲ. ಮೀನಿನ ತಲೆಬುರುಡೆಯ ಅಡಿಯಲ್ಲಿ, ಮಿದುಳಿನ ಮೇಲ್ಭಾಗದಲ್ಲಿರುವ ಪೀನಿಯಲ್ ಗ್ರಂಥಿಯು ತಾನೇ ಬೆಳಕನ್ನು ಗ್ರಹಿಸಬಲ್ಲದು, ಮತ್ತು ಕತ್ತಲಾದಾಗ ಮಾತ್ರ ಅದು ಮೆಲಟೋನಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸಿ ಇಡೀ ದೇಹಕ್ಕೆ ಇರುಳಾಯಿತೆಂದು ತಿಳಿಸುತ್ತದೆ. ಯುರೋಪಿನ ಪರ್ಚ್ ಮೀನುಗಳಲ್ಲಿ ರಾತ್ರಿ ಕೇವಲ 1 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಪ್ರಖರತೆಯ ಅಳತೆ) ಬೆಳಕು ಬಿದ್ದರೂ ಈ ಸ್ರಾವ ಕುಗ್ಗುವುದು ಕಂಡುಬಂದಿದೆ. ಹುಣ್ಣಿಮೆಯ ಬೆಳದಿಂಗಳು ಸಾಮಾನ್ಯವಾಗಿ 0.3 ಲಕ್ಸ್‌ಗಿಂತಲೂ ಕಡಿಮೆಯಿರುತ್ತದೆ. ಬೆಳದಿಂಗಳ ಹೆಸರಿನಲ್ಲಿ ಮಾರಾಟವಾಗುವ ನೀಲಿ ಎಲ್‌ಇಡಿ, ನೀರಿಗೆ ಕೆಲವೇ ಅಂಗುಲ ಮೇಲಿದ್ದು ಇದನ್ನು ಸುಲಭವಾಗಿ ಮೀರುತ್ತದೆ. ಅದು ನೋಡುವ ನಮ್ಮ ಸಂತೋಷಕ್ಕಾಗಿ ಇರುವ ದೀಪ. ಮಲಗುವ ಮುನ್ನ ಸ್ವಲ್ಪ ಹೊತ್ತು ಉರಿಸಿ ನೋಡಲು ಅಡ್ಡಿಯಿಲ್ಲ, ಬೆಳಗಿನವರೆಗೆ ಮಾತ್ರ ಬಿಡಬಾರದು. ಮೊಟ್ಟೆಗಳಿಗೂ ಕತ್ತಲು ಬೇಕಾಗಬಹುದು: ಕ್ಲೌನ್ ಮೀನಿನ ಮೊಟ್ಟೆಗಳು ಇರುಳಾದ ಮೇಲೆ ಒಡೆಯುವಂಥವಾಗಿದ್ದು, ರಾತ್ರಿಯಿಡೀ ಕೃತಕ ಬೆಳಕಿನಲ್ಲಿಟ್ಟ ಪ್ರಯೋಗದಲ್ಲಿ ಅವು ಒಡೆಯಲೇ ಇಲ್ಲ ಎಂದು 2019ರಲ್ಲಿ ವರದಿಯಾಗಿದೆ.

ಮೀನುಗಳನ್ನು ಬೆಚ್ಚಿಸುವುದು ಕತ್ತಲೆಯಲ್ಲ, ಹಠಾತ್ತಾದ ಬದಲಾವಣೆ. ಕಗ್ಗತ್ತಲ ಕೋಣೆಯಲ್ಲಿ ಒಮ್ಮೆಲೇ ದೀಪ ಹಾಕಿದರೆ ಅವು ಗಾಜಿಗೆ ಡಿಕ್ಕಿ ಹೊಡೆಯುತ್ತವೆ, ಕೆಲವು ಮುಚ್ಚಳವಿಲ್ಲದ ತೊಟ್ಟಿಯಿಂದ ಹೊರಗೇ ಹಾರಿಬಿಡುತ್ತವೆ. ಆದ್ದರಿಂದ ಸಂಜೆ ತೊಟ್ಟಿಯ ದೀಪವನ್ನು ಮೊದಲು ಆರಿಸಿ, ಕೋಣೆಯ ದೀಪವನ್ನು ಅರ್ಧ ಗಂಟೆ ಬಿಟ್ಟು ಆರಿಸಿ. ಬೆಳಿಗ್ಗೆ ಕೋಣೆ ಬೆಳಗಾದ ಮೇಲೆಯೇ ತೊಟ್ಟಿಯ ದೀಪ ಹಾಕಿ. ಒಂದು ಟೈಮರ್ ಅಳವಡಿಸಿ ದಿನವೂ ಒಂದೇ ಹೊತ್ತಿಗೆ 8ರಿಂದ 10 ಗಂಟೆ ದೀಪ ಉರಿಯುವಂತೆ ಮಾಡಿದರೆ ಗಿಡಗಳಿಗೂ ಸಾಕಾಗುತ್ತದೆ, ಪಾಚಿಯೂ ಹತೋಟಿಯಲ್ಲಿರುತ್ತದೆ. ಪ್ಲೆಕೊ, ಕೂಲಿ ಲೋಚ್‌ಗಳಂಥ ನಿಶಾಚರ ಮೀನುಗಳಿದ್ದರೆ ಅವುಗಳ ಮುಳುಗುವ ಆಹಾರವನ್ನು ದೀಪ ಆರಿದ ಮೇಲೆ ಹಾಕುವುದು ಲೇಸು, ಏಕೆಂದರೆ ಅವು ಮರೆಯಿಂದ ಹೊರಬಂದು ಮೇಯುವುದು ಆಗಲೇ.

ದೀಪದ ಜೊತೆಗೆ ಫಿಲ್ಟರನ್ನೂ ಏರ್ ಪಂಪನ್ನೂ ನಿಲ್ಲಿಸುವ ಅಭ್ಯಾಸ ಹಲವರಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ಬೆಳಕಿಲ್ಲದಾಗ ಗಿಡಗಳು ಆಮ್ಲಜನಕವನ್ನು ಉತ್ಪಾದಿಸುವುದಿಲ್ಲ, ಬದಲಿಗೆ ಮೀನುಗಳಂತೆ ಅವೂ ಅದನ್ನು ಬಳಸುವುದರಿಂದ ನಸುಕಿನ ಹೊತ್ತಿಗೆ ನೀರಿನಲ್ಲಿ ಆಮ್ಲಜನಕದ ಪ್ರಮಾಣ ಅತ್ಯಂತ ಕಡಿಮೆಯಾಗಿರುತ್ತದೆ. ಬೆಳಿಗ್ಗೆ ದೀಪ ಹಾಕುವ ಮೊದಲೇ ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದರೆ ಕತ್ತಲೆಯನ್ನು ದೂಷಿಸಬೇಡಿ, ರಾತ್ರಿಯ ಗಾಳಿಯ ಪೂರೈಕೆಯನ್ನು ಹೆಚ್ಚಿಸಿ.