ಟೆಂಪರ್ ಎಂದರೆ ಗಡಸೋ, ಹದವೋ?

ಪ್ರಶ್ನೆ: ನಾನು ಇಂಗ್ಲಿಷ್ ಲೇಖನಗಳನ್ನು ಕನ್ನಡಕ್ಕೆ ಅನುವಾದಿಸುತ್ತೇನೆ. ಹಾರ್ಡನ್ಡ್, ಟೆಂಪರ್ಡ್, ಕ್ಯಾಲಸ್, ಆಸಿಫೈಡ್ ಎಂಬ ಪದಗಳಿಗೆಲ್ಲ ‘ಗಟ್ಟಿಯಾದ’ ಎಂಬ ಅರ್ಥವನ್ನೇ ಹಿಡಿದು ಬರೆಯುತ್ತಿದ್ದೆ. ಈಚೆಗೆ ‘ಟೆಂಪರ್ಡ್ ಆಪ್ಟಿಮಿಸಂ’ ಎಂಬುದನ್ನು ‘ಉಕ್ಕಿನಂಥ ಆಶಾವಾದ’ ಎಂದು ಬರೆದಾಗ, ಅರ್ಥವೇ ತಿರುಗುಮುರುಗಾಗಿದೆ ಎಂದು ಸಂಪಾದಕರು ಲೇಖನವನ್ನು ಹಿಂದಿರುಗಿಸಿದರು. ನಾನು ಎಡವಿದ್ದೆಲ್ಲಿ?
– ಓದುಗರೊಬ್ಬರು, ಧಾರವಾಡ

ಉತ್ತರ: ಸಂಪಾದಕರ ಆಕ್ಷೇಪ ಸರಿಯಾಗಿದೆ. ಆದರೆ ನೀವು ಎಡವಿದ್ದರಲ್ಲಿ ಆಶ್ಚರ್ಯವೇನಿಲ್ಲ, ಏಕೆಂದರೆ ಮೊಬೈಲ್ ಅಂಗಡಿಯವನು ‘ಟೆಂಪರ್ಡ್ ಗ್ಲಾಸ್’ ಎಂದು ಅಂಟಿಸಿಕೊಡುವುದು ಗಟ್ಟಿಯಾದ ಗಾಜನ್ನೇ. ಈ ಗೊಂದಲ ಬಿಡಿಸಿಕೊಳ್ಳಲು ಕಮ್ಮಾರನ ಕುಲುಮೆಗೆ ಹೋಗಬೇಕು.

ಉಕ್ಕಿನ ಕತ್ತಿಯನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದರೆ ಅದು ಬಹಳ ಗಡಸಾಗುತ್ತದೆ. ಇಂಗ್ಲಿಷಿನ ‘ಹಾರ್ಡನ್’ ಎಂದರೆ ಇಷ್ಟೇ. ಆದರೆ ಹಾಗೆ ಗಡಸಾದ ಕತ್ತಿ ಕೈತಪ್ಪಿ ಕಲ್ಲಿನ ಮೇಲೆ ಬಿದ್ದರೆ ಚಟಕ್ಕನೆ ಮುರಿದೀತು. ಆದ್ದರಿಂದ ಕಮ್ಮಾರನು ಅದನ್ನು ಮತ್ತೆ 200ರಿಂದ 300 ಡಿಗ್ರಿಯಷ್ಟು ಮಾತ್ರ ಕಾಯಿಸುತ್ತಾನೆ. ಉಜ್ಜಿ ಹೊಳಪು ಮಾಡಿದ ಅಂಚಿನ ಮೇಲೆ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ ಬಣ್ಣ ಹರಿದುಬರುತ್ತದೆ. ತನಗೆ ಬೇಕಾದ ಬಣ್ಣ ಕಂಡೊಡನೆ ಅವನು ಕಾಯಿಸುವುದನ್ನು ನಿಲ್ಲಿಸುತ್ತಾನೆ. ಗಡಸುತನ ಒಂದಿಷ್ಟು ಇಳಿದು, ಪೆಟ್ಟು ತಾಳುವ ಗುಣ ಬರುತ್ತದೆ. ಈ ಎರಡನೆಯ ಕೆಲಸವೇ ‘ಟೆಂಪರ್’. ಅಂದರೆ, ಗಾಜಿನ ವಿಷಯದಲ್ಲಿ ಟೆಂಪರ್ ಎಂದರೆ ಗಟ್ಟಿ ಮಾಡುವುದಾದರೂ, ಉಕ್ಕಿನ ವಿಷಯದಲ್ಲಿ ಟೆಂಪರ್ ಮಾಡುವುದೆಂದರೆ ಗಡಸನ್ನು ತಗ್ಗಿಸುವುದು. ಬೆರಕೆಯನ್ನು ಸರಿಯಾದ ಪ್ರಮಾಣಕ್ಕೆ ತರುವುದು ಎಂಬರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದ ಮಾತು ಇದು. ಸಿಟ್ಟಿಗೇಳುವುದು ಎಂಬರ್ಥದ ‘ಲೂಸ್ ಒನ್ಸ್ ಟೆಂಪರ್’ ಎಂಬಲ್ಲಿ ಕಳೆದುಹೋಗುವುದು ಮನಸ್ಸಿನ ಈ ಸಮತೋಲನವೇ. ಬರಬರುತ್ತ ಇಂಗ್ಲಿಷಿನವರು ಟೆಂಪರ್ ಎಂಬುದಕ್ಕೇ ಕೋಪದ ಅರ್ಥವನ್ನೂ ಹಚ್ಚಿಬಿಟ್ಟರು.

ಪಾಕಕ್ಕೂ ಮಣ್ಣಿಗೂ ಚರ್ಮಕ್ಕೂ ಸಲ್ಲುವ ‘ಹದ’ ಎಂಬ ಮಾತು ನಮ್ಮಲ್ಲಿರುವಾಗ ಇದಕ್ಕಾಗಿ ಬೇರೆಲ್ಲೂ ಹುಡುಕಬೇಕಿಲ್ಲ. ನಿಮ್ಮ ವಾಕ್ಯದಲ್ಲಿ ‘ಹದವರಿತ ಆಶಾವಾದ’ ಎಂದೋ, ಇನ್ನೂ ಬಿಡಿಸಿ ಹೇಳಬೇಕಿದ್ದರೆ ‘ಎಚ್ಚರ ಬೆರೆತ ಆಶಾವಾದ’ ಎಂದೋ ಬರೆಯಬಹುದು.

‘ಹಾರ್ಡನ್ಡ್ ಕ್ರಿಮಿನಲ್’ ಎಂಬುದಕ್ಕೆ ನಾನು ‘ಪಳಗಿದ ಅಪರಾಧಿ’ ಎನ್ನುತ್ತೇನೆ. ಇಂಗ್ಲಿಷ್ ಗಟ್ಟಿಯಾಗಿಸಿದ ಕಳ್ಳನನ್ನು ಕನ್ನಡ ಆನೆಯಂತೆ ಪಳಗಿಸುತ್ತದೆ ಎಂಬುದು ತಮಾಷೆಯಾಗಿ ಕಂಡರೂ ಬಳಕೆ ಹಾಗೆಯೇ ಇದೆ. ‘ಕೇಸ್ ಹಾರ್ಡನ್ಡ್’ ಎಂಬ ಮಾತಿನಲ್ಲಿ ಮಾತ್ರ ಎಚ್ಚರ ಬೇಕು. ಕಡಿಮೆ ಇಂಗಾಲದ ಉಕ್ಕಿನ ಮೇಲ್ಪದರಕ್ಕಷ್ಟೇ ಇಂಗಾಲ ಇಳಿಯುವಂತೆ ಕಾಯಿಸಿ ಗಡಸು ಮಾಡುವ ವಿಧಾನವದು. ವಾಹನಗಳ ಗೇರುಗಳ ಹಲ್ಲು ಸವೆಯದಂತೆ, ಒಳಭಾಗ ಮುರಿಯದಂತೆ ಇರುವುದು ಇದರಿಂದಲೇ. ಇಷ್ಟು ತಿಳಿದವರು ‘ಹೊರಗೆ ಮುಳ್ಳು, ಒಳಗೆ ಸಿಹಿ ತೊಳೆ’ ಎಂದು ಹಲಸಿನ ಹಣ್ಣಿನ ಹೋಲಿಕೆಗೆ ಹೋಗುವ ಸಂಭವವುಂಟು. ಆದರೆ ಇಂಗ್ಲಿಷಿನ ಆಲಂಕಾರಿಕ ಬಳಕೆಯಲ್ಲಿ ಒಳಗಿನ ಮೃದುತನಕ್ಕೆ ಜಾಗವಿಲ್ಲ. ನೋಡಿ ನೋಡಿ ಮರುಗುವುದನ್ನೇ ಬಿಟ್ಟವನು ಎಂಬುದಷ್ಟೇ ಅದರ ಅರ್ಥ.

ಇನ್ನು ‘ಕ್ಯಾಲಸ್’. ಅದರ ಮೂಲದಲ್ಲಿರುವುದು ನಮ್ಮ ‘ಜಡ್ಡು’, ಅಂದರೆ ಕುಡುಗೋಲು ಹಿಡಿದು ಹಿಡಿದು ಅಂಗೈಯಲ್ಲಿ ಗಟ್ಟಿಯಾದ ಚರ್ಮ. ಹಾಗಿದ್ದರೂ ‘ಕ್ಯಾಲಸ್’ ಎಂದಲ್ಲಿ ‘ಜಡ್ಡುಗಟ್ಟಿದ’ ಎಂದು ಬರೆದರೆ ತಪ್ಪಾದೀತು. ಜಡ್ಡುಗಟ್ಟಿದ ಆಡಳಿತ ಎಂದಾಗ ನಮ್ಮ ಓದುಗರಿಗೆ ಕಾಣುವುದು ಕ್ರೌರ್ಯವಲ್ಲ, ಮೇಜಿನಿಂದ ಮೇಜಿಗೆ ಸರಿಯದ ಕಡತ. ಆದ್ದರಿಂದ ‘ಕ್ಯಾಲಸ್’ ಎಂದಲ್ಲಿ ‘ಕಲ್ಲೆದೆಯ’ ಎಂದೇ ಬರೆದು, ಮೂಳೆಯಾಗುವುದು ಎಂಬರ್ಥದಿಂದ ಬಂದು, ಬದಲಾಗದೆ ಬಿಗಿದುಹೋದದ್ದನ್ನು ಹೇಳುವ ‘ಆಸಿಫೈಡ್’ ಪದಕ್ಕೆ ‘ಜಡ್ಡುಗಟ್ಟಿದ’ ಎಂಬುದನ್ನು ಉಳಿಸಿಕೊಳ್ಳಿ.