ಕಪ್ಪು ಕಾರಿನ ಬಿಳಿ ಚುಕ್ಕೆ, ಬಿಸಿಲಲ್ಲಿ ಕಾಣುವ ಗೀರು

ಕಪ್ಪು ಕಾರನ್ನು ಬೋರ್‌ವೆಲ್ ನೀರಲ್ಲಿ ತೊಳೆದು ಹಳೇ ಟವೆಲ್‌ನಿಂದ ಒರೆಸಿದ ಮೇಲೆ ಬಿಳಿ ಚುಕ್ಕೆ, ಬಿಸಿಲಲ್ಲಿ ಗೀರು ಕಾಣುತ್ತೆ, ಯಾಕೆ ಅಂತ ಕೇಳಿದ್ದೀರಿ. ಚುಕ್ಕೆಗೆ ಕಾರಣ ಬಹುಶಃ ನಿಮ್ಮ ಬೋರ್‌ವೆಲ್ ನೀರು. ನೀರು ಆರಿಹೋಗುತ್ತೆ, ಅದರಲ್ಲಿರುವ ಸುಣ್ಣದಂಶ ಪೇಂಟ್ ಮೇಲೇ ಉಳಿಯುತ್ತೆ. ಜೇಡರ ಬಲೆಯಂಥ ಗೀರುಗಳು ಆ ಹಳೇ ಟವೆಲ್‌ನಿಂದ ಉಜ್ಜಿದ್ದರ ಫಲ ಅನ್ಸುತ್ತೆ. ಸರಿಯಾಗಿ ತೊಳೆಯದೆ ಉಳಿದ ಮಣ್ಣೂ ಇರಬಹುದು.

ಮುಂದಿನ ಸಲ ನೆರಳಲ್ಲಿ ತೊಳೆಯಿರಿ, ಬಾನೆಟ್ ತಣ್ಣಗಾದ ಮೇಲೆ. ಕೊನೆಗೆ ಪೈಪಿನ ನಾಝಲ್ ತೆಗೆದು ರೂಫ್ ಮೇಲಿಂದ ನೀರು ನಿಧಾನಕ್ಕೆ ಹರಿಯಬಿಡಿ. ಹನಿಗಳು ಒಂದಕ್ಕೊಂದು ಸೇರಿ ಹಾಳೆಯ ಹಾಗೆ ಜಾರಿ ಹೋಗುತ್ತವೆ, ಒರೆಸೋ ಕೆಲಸ ಅರ್ಧ ಕಮ್ಮಿ. ಆಮೇಲೆ ದೊಡ್ಡ ಮೈಕ್ರೋಫೈಬರ್ ಬಟ್ಟೆ ಹಾಸಿ, ಅಂಗೈಯಿಂದ ಮೆಲ್ಲಗೆ ತಟ್ಟಿ, ಎತ್ತಿ. ಉಜ್ಜಬೇಡಿ. ಮೊದಲು ರೂಫ್, ಗಾಜು, ಬಾನೆಟ್, ಆಮೇಲೆ ಬಾಗಿಲು. ಬಾಗಿಲ ಕೆಳಭಾಗಕ್ಕೂ ಚಕ್ರಕ್ಕೂ ಬೇರೆ ಬಟ್ಟೆ. ಬಟ್ಟೆ ನೆಲಕ್ಕೆ ಬಿತ್ತಾ? ಅವತ್ತಿಗೆ ಅದರ ಕಥೆ ಮುಗೀತು. ಗೀರು ಬೀಳೋಕೆ ಒಂದು ಮರಳಿನ ಕಣ ಸಾಕು.

ಕನ್ನಡಿ ಸಂದಿ, ಹ್ಯಾಂಡಲ್ ಹಿಂದಿನ ನೀರು ಹತ್ತು ನಿಮಿಷ ಬಿಟ್ಟು ಸುಮ್ನೆ ಇಳಿದು ಬರುತ್ತೆ, ಅದನ್ನೂ ಒರೆಸಿ. ಒಂದು ಸುತ್ತು ಓಡಿಸಿ ನಾಲ್ಕೈದು ಸಲ ಬ್ರೇಕ್ ಒತ್ತಿದರೆ ಒದ್ದೆಯಾದ ಬ್ರೇಕ್ ಡಿಸ್ಕ್ ಒಣಗುತ್ತೆ.

ಈಗಿರೋ ಚುಕ್ಕೆಗೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಮೊದಲು ಒಂದು ಮೂಲೆಯಲ್ಲಿ ಹಚ್ಚಿ ನೋಡಿ. ಒಂದು ನಿಮಿಷ ಇಟ್ಟು ಚೆನ್ನಾಗಿ ತೊಳೆಯಿರಿ. ಹೋಗಲಿಲ್ಲ ಅಂದ್ರೆ ಕ್ಲಿಯರ್ ಕೋಟ್ (ಪೇಂಟ್ ಮೇಲಿನ ಪಾರದರ್ಶಕ ಪದರ) ಒಳಗೇ ಕಚ್ಚಿರಬಹುದು, ಜಾಸ್ತಿ ತಿಕ್ಕದೆ ಪಾಲಿಶ್ ಮಾಡುವವರಿಗೆ ತೋರಿಸಿ.